ನಮ್ಮ ಬೀದಿಗೆ ಒಂದು ಸಂಘ

2022ರ ಸೆಪ್ಟೆಂಬರ್ ತಿಂಗಳು. ಮಾರಿಕಣಿವೆ ಕೋಡಿ ಬಿತ್ತು. ಹಿಂದೆ 1933ರಲ್ಲಿ ಒಮ್ಮೆ ಬಿದ್ದಿತ್ತು. ಆಮೇಲೆ 89 ವರ್ಷ ಬಿದ್ದಿರಲಿಲ್ಲ. ನಮ್ಮ ಹಿರಿಯೂರು ಸೀಮೆಯ ಜನ ಹಿಂಡು ಹಿಂಡಾಗಿ ನೋಡಲು ಹೋದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು.

ಕಟ್ಟೆ ತುಂಬಿತು. ಒಳ್ಳೆಯದೇ ಆಯಿತು. ಆದರೆ ಕಟ್ಟೆ ತುಂಬಿದರೆ ನಮ್ಮ ಬೀದಿಯ ನಲ್ಲಿಗೆ ನೀರು ತಾನಾಗಿ ಬರುತ್ತದೆಯೇ?

ಬರುವುದಿಲ್ಲ. ಪೈಪು ಬೇಕು. ಟ್ಯಾಂಕು ಬೇಕು. ಮೋಟಾರು ಸುಟ್ಟರೆ ರಿಪೇರಿ ಆಗಬೇಕು. ಟ್ಯಾಂಕು ತೊಳೆಯಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಕೇಳುವವರು ಬೇಕು.

ಕೇಳುವವರು ಯಾರು? ನಾವೇ ಕೇಳಬೇಕು.

ಒಬ್ಬೊಬ್ಬರೇ ಹೋದರೆ

ನಮ್ಮ ಜವನಗೊಂಡನಹಳ್ಳಿ ಹೆದ್ದಾರಿ ಪಕ್ಕದ ಊರು. ಹಗಲು ರಾತ್ರಿ ಲಾರಿ ಓಡುತ್ತವೆ. ಹೆದ್ದಾರಿ ತುಂಬ ಬೆಳಕು. ಆದರೆ ಎಷ್ಟೋ ಊರುಗಳ ಒಳಗಿನ ಬೀದಿಯಲ್ಲಿ ದೀಪ ಕೆಟ್ಟು ತಿಂಗಳಾಗಿರುತ್ತದೆ. ಚರಂಡಿ ಕಟ್ಟಿಕೊಂಡಿರುತ್ತದೆ. ಸೊಳ್ಳೆ ಮುತ್ತಿರುತ್ತವೆ.

ನಲ್ಲಿ ಹತ್ತಿರ ಕೊಡ ಇಟ್ಟು ನಿಂತಾಗ ನಾವು ಇದನ್ನೇ ಮಾತಾಡುತ್ತೇವೆ. ಬೈಯುತ್ತೇವೆ. ಕೊಡ ತುಂಬಿತು ಅಂದರೆ ಮಾತೂ ಮುಗಿಯಿತು. ಮನೆಗೆ ಹೋಗುತ್ತೇವೆ.

ಯಾರೋ ಒಬ್ಬ ಅಕ್ಕ ಧೈರ್ಯ ಮಾಡಿ ಪಂಚಾಯಿತಿ ಕಚೇರಿಗೆ ಹೋಗುತ್ತಾಳೆ. "ಸಾಹೇಬರು ಇಲ್ಲ, ನಾಳೆ ಬಾರಮ್ಮ" ಅನ್ನುತ್ತಾರೆ. ನಾಳೆ ಕೂಲಿ ಕೆಲಸ ಇರುತ್ತದೆ. ಒಂದು ದಿನದ ಕೂಲಿ ಬಿಟ್ಟು ಎಷ್ಟು ಸಲ ಹೋಗೋದು? ಅಕ್ಕ ಸುಮ್ಮನಾಗುತ್ತಾಳೆ.

ಅದೇ ಬೀದಿಯಿಂದ 20 ಹೆಂಗಸರು ಒಟ್ಟಿಗೆ ಹೋದರೆ? ಕೈಯಲ್ಲಿ ಬರೆದ ಅರ್ಜಿ ಇದ್ದರೆ? ಅರ್ಜಿಯ ಕೆಳಗೆ 20 ಸಹಿ ಇದ್ದರೆ? ಆಗ ಉತ್ತರ ಕೊಡಲೇಬೇಕಾಗುತ್ತದೆ.

ಅದಕ್ಕೇ ಬೀದಿಗೆ ಒಂದು ಸಂಘ ಬೇಕು ಅನ್ನೋದು.

ಬೀದಿ ಸಂಘ ಅಂದರೆ ಏನು?

ನಮ್ಮಲ್ಲಿ ಸ್ತ್ರೀಶಕ್ತಿ ಸಂಘ ನಿಮಗೆಲ್ಲ ಗೊತ್ತು. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ 2000ದಲ್ಲಿ ಶುರುವಾಯಿತು. ವಾರಕ್ಕೊಮ್ಮೆ ಸೇರುತ್ತೇವೆ. ಹಣ ಉಳಿಸುತ್ತೇವೆ. ಸಾಲ ತೆಗೆಯುತ್ತೇವೆ, ಕಟ್ಟುತ್ತೇವೆ.

ಬೀದಿ ಸಂಘ ಬೇರೆ. ಇದು ಸಾಲಕ್ಕಾಗಿ ಇರುವ ಸಂಘ ಅಲ್ಲ. ಬೀದಿಯ ಕಷ್ಟ ಸುಖಕ್ಕಾಗಿ ಇರುವ ಸಂಘ. ಬೀದಿಯ ಎಲ್ಲ ಮನೆಯವರೂ ಇದರಲ್ಲಿ ಇರಬೇಕು. ಮೇಲಿನ ಮನೆ, ಕೆಳಗಿನ ಮನೆ ಅಂತ ಭೇದ ಇರಬಾರದು. ಆ ಜಾತಿ, ಈ ಜಾತಿ ಅಂತ ಬಿಡಬಾರದು. ಬಾಡಿಗೆ ಮನೆಯವರನ್ನೂ ಕರೆಯಬೇಕು. ಒಂಟಿಯಾಗಿರುವ ಅಜ್ಜಿಯನ್ನೂ ಕರೆಯಬೇಕು.

ಸಂಘ ನೋಂದಣಿ ಆಗಲೇಬೇಕೇ? ಸೇರಿ ಮಾತಾಡಲು, ಅರ್ಜಿ ಕೊಡಲು ನೋಂದಣಿ ಬೇಕಿಲ್ಲ. ಮುಂದೆ ದೊಡ್ಡ ಕೆಲಸ ಮಾಡಬೇಕು, ಸಂಘದ ಹೆಸರಲ್ಲಿ ಹಣ ಇಡಬೇಕು ಅಂದರೆ ನೋಂದಣಿ ಮಾಡಿಸುವುದು ಒಳ್ಳೆಯದು. ಅದಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ. ಕಡಿಮೆ ಅಂದರೆ 7 ಜನ ಇರಬೇಕು.

ಮೊದಲ ಕೆಲಸ ನೀರು

2023ರ ಆಗಸ್ಟ್ ತಿಂಗಳ ಮೊದಲ ವಾರ. ನಮ್ಮ ಜಿಲ್ಲೆಯಲ್ಲೇ ಒಂದು ದುಃಖದ ಸಂಗತಿ ನಡೆಯಿತು. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕೆಟ್ಟಿತ್ತು. ಅದನ್ನು ಕುಡಿದ ಜನಕ್ಕೆ ವಾಂತಿ ಭೇದಿ ಶುರುವಾಯಿತು. ಬಹಳ ಜನ ಆಸ್ಪತ್ರೆ ಸೇರಿದರು. ಹಲವರು ಸತ್ತೇಹೋದರು.

ನೀರು ಅಂದರೆ ಜೀವ ಅನ್ನುತ್ತೇವೆ. ಅದೇ ನೀರು ಕೆಟ್ಟರೆ ಜೀವ ತೆಗೆಯುತ್ತದೆ.

ಬೀದಿ ಸಂಘ ಇಲ್ಲಿ ಏನು ಮಾಡಬಹುದು? ಮೂರು ಕೆಲಸ ಮಾಡಬಹುದು.

ಒಂದನೆಯದು, ಟ್ಯಾಂಕು ನೋಡುವುದು. ಟ್ಯಾಂಕು ತೊಳೆದ ದಿನವನ್ನು ಅದರ ಮೇಲೇ ಬರೆಯಿಸಬೇಕು. ಈಗ ನಮಗೆ ಓದಲು ಬರುತ್ತದೆ. ಆ ತಾರೀಖು ಓದೋಣ. ತಾರೀಖು ಹಳೆಯದಾಗಿದ್ದರೆ ವಾಟರ್‌ಮ್ಯಾನ್‌ನನ್ನು ಕೇಳೋಣ.

ಎರಡನೆಯದು, ಪೈಪು ನೋಡುವುದು. ನೀರಿನ ಪೈಪು ಚರಂಡಿ ಒಳಗೆ ಹಾದುಹೋಗಿದೆಯೇ? ಪೈಪು ಒಡೆದಿದೆಯೇ? ನೀರು ನಿಂತಾಗ ಚರಂಡಿಯ ಕೊಳೆ ಒಡೆದ ಪೈಪಿನ ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಅದು ನಮ್ಮ ಕೊಡಕ್ಕೆ ಬರುತ್ತದೆ. ಒಡೆದ ಪೈಪು ಕಂಡರೆ ಅದೇ ದಿನ ಪಂಚಾಯಿತಿಗೆ ತಿಳಿಸಬೇಕು. ರಿಪೇರಿ ಆಗುವ ತನಕ ನೀರು ಕುದಿಸಿ ಆರಿಸಿ ಕುಡಿಯಬೇಕು.

ಮೂರನೆಯದು, ನೀರು ಪರೀಕ್ಷೆ ಮಾಡಿಸುವುದು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಇದು ಕಣ್ಣಿಗೆ ಕಾಣುವುದಿಲ್ಲ. ನಾಲಿಗೆಗೆ ತಿಳಿಯುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚು ಇರಬಾರದು. ಹೆಚ್ಚಾದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯಾಗುತ್ತವೆ. ಒಂದು ಮಾತು ನೆನಪಿರಲಿ. ನೀರು ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆ. ಆದರೆ ಫ್ಲೋರೈಡ್ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಅದಕ್ಕೆ ಶುದ್ಧ ನೀರಿನ ಘಟಕವೇ ಬೇಕು. ಘಟಕ ಕೆಟ್ಟು ನಿಂತರೆ ಕೇಳುವ ಕೆಲಸ ಸಂಘದ್ದು.

2019ರಲ್ಲಿ ಜಲ ಜೀವನ್ ಮಿಷನ್ ಬಂತು. ಹಳ್ಳಿಯ ಪ್ರತಿ ಮನೆಗೂ ನಲ್ಲಿ ಹಾಕಬೇಕು ಎಂಬುದು ಅದರ ಗುರಿ. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು. ಹಳ್ಳಿಯ 5 ಮಹಿಳೆಯರಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕು ಎಂದೂ ಅದರಲ್ಲಿ ಇದೆ. ನಮ್ಮ ಊರಿನ ಆ 5 ಮಂದಿ ಯಾರು? ಕೇಳಿ ತಿಳಿದುಕೊಳ್ಳೋಣ. ಯಾರೂ ಕಲಿತಿಲ್ಲ ಅಂದರೆ ನಾವೇ ಕಲಿಯಲು ಮುಂದೆ ಬರೋಣ.

ಹೆಬ್ಬೆಟ್ಟಿನ ಕಥೆ

ಸಂಘ ಮಾಡಿದ ಮೇಲೆ ಒಂದು ಪುಸ್ತಕ ಬೇಕು. ಸಭೆಯಲ್ಲಿ ಏನು ಮಾತಾಯಿತು, ಏನು ತೀರ್ಮಾನ ಆಯಿತು, ಎಲ್ಲ ಬರೆಯಬೇಕು.

ನಾವು ಕಲಿಕಾ ಕೇಂದ್ರದಲ್ಲಿ ಈ ಮಾತು ಆಡುತ್ತಿದ್ದಾಗ ಒಬ್ಬ ಅಜ್ಜಿ ಹೇಳಿದರು.

"ನಾನೂ ಹಿಂದೆ ಒಂದು ಸಂಘದಲ್ಲಿ ಇದ್ದೆ ಕಣಮ್ಮ. ಪುಸ್ತಕ ತಂದು ಮುಂದೆ ಹಿಡಿದರು. ಇಲ್ಲಿ ಒತ್ತಜ್ಜಿ ಅಂದರು. ಒತ್ತಿದೆ. ಎಷ್ಟು ಸಲ ಒತ್ತಿದೆನೋ ಲೆಕ್ಕ ಇಲ್ಲ. ಅದರಲ್ಲಿ ಏನು ಬರೆದಿದ್ದರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ."

ನಾವೆಲ್ಲ ಸುಮ್ಮನೆ ಕುಳಿತೆವು. ಅಲ್ಲಿದ್ದ ಬಹಳ ಜನರ ಬೆರಳಿಗೂ ಆ ಶಾಯಿ ಅಂಟಿತ್ತು.

ಅದಕ್ಕೇ ನಾವು ನಾಲ್ಕು ನಿಯಮ ಮಾಡಿಕೊಳ್ಳೋಣ.

ಬರೆದದ್ದನ್ನು ಸಭೆಯಲ್ಲೇ ಗಟ್ಟಿಯಾಗಿ ಓದಬೇಕು.

ಓದಿದ ಮೇಲೆಯೇ ಸಹಿ ಹಾಕಬೇಕು.

ಖಾಲಿ ಹಾಳೆಗೆ ಯಾರೂ ಸಹಿ ಹಾಕಬಾರದು. ಹೆಬ್ಬೆಟ್ಟೂ ಒತ್ತಬಾರದು.

ಪುಸ್ತಕ ಒಬ್ಬರ ಮನೆಯಲ್ಲೇ ಉಳಿಯಬಾರದು. ಯಾರು ಕೇಳಿದರೂ ತೋರಿಸಬೇಕು.

ಓದಲು ನಿಧಾನ ಆದರೆ ಆಗಲಿ. ಕೂಡಿಸಿ ಕೂಡಿಸಿ ಓದೋಣ. ನಾಚಿಕೆ ಬೇಡ. ಓದದೆ ಸಹಿ ಹಾಕಿದರೆ ಕಷ್ಟ.

ವಾರ್ಡ್ ಸಭೆಗೆ ಹೋಗೋಣ

ಬೀದಿ ಸಂಘ ಪಂಚಾಯಿತಿ ಅಲ್ಲ. ಚರಂಡಿ ಕಟ್ಟಿಸುವುದು, ದೀಪ ಹಾಕಿಸುವುದು, ನೀರು ಕೊಡುವುದು ಗ್ರಾಮ ಪಂಚಾಯಿತಿಯ ಕೆಲಸ. ಆ ಕೆಲಸ ಆಗುವಂತೆ ನೋಡುವುದು ಸಂಘದ ಕೆಲಸ.

ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ 1993ರಲ್ಲಿ ಬಂತು. ಈ ಕಾಯ್ದೆಯ ಪ್ರಕಾರ ವಾರ್ಡ್ ಸಭೆ ನಡೆಯಬೇಕು. ಕಡಿಮೆ ಅಂದರೆ 6 ತಿಂಗಳಿಗೆ ಒಮ್ಮೆ ನಡೆಯಬೇಕು. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ವೋಟರ್ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ನೀವೂ ಸದಸ್ಯರೇ. ಯಾರೂ ಕರೆಯಲಿ ಅಂತ ಕಾಯಬೇಕಿಲ್ಲ. ನಮ್ಮ ವಾರ್ಡಿಗೆ ಯಾವ ಕೆಲಸ ಮೊದಲು ಆಗಬೇಕು ಅಂತ ಅಲ್ಲೇ ಹೇಳಬೇಕು. ಅಲ್ಲಿ ಹೇಳಿದ್ದು ಗ್ರಾಮ ಸಭೆಗೆ ಹೋಗುತ್ತದೆ.

2010ರಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಕುರ್ಚಿಯ ಮೇಲೆ ಹೆಂಗಸರು ಕುಳಿತಿದ್ದಾರೆ. ಮುಂದೆ ಚಾಪೆಯ ಮೇಲೂ ಹೆಂಗಸರು ಬಂದು ಕೂರಬೇಕು. ಬಾಯಿ ಬಿಟ್ಟು ಕೇಳಬೇಕು. ಆಗ ಕುರ್ಚಿಯಲ್ಲಿರುವ ಅಕ್ಕನಿಗೂ ಬಲ ಬರುತ್ತದೆ.

ಬಾಯಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ. ಬರೆದು ಕೊಟ್ಟ ಮಾತು ಕಡತದಲ್ಲಿ ಉಳಿಯುತ್ತದೆ. ಅರ್ಜಿಯನ್ನು ಹೀಗೆ ಬರೆಯಬಹುದು.

ಇವರಿಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
........ ಗ್ರಾಮ ಪಂಚಾಯಿತಿ.

ಮಾನ್ಯರೇ,
ವಿಷಯ: ಒಡೆದ ನೀರಿನ ಪೈಪು ರಿಪೇರಿ ಮಾಡಿಸುವ ಬಗ್ಗೆ.
ನಾವು ........ ಬೀದಿಯ ನಿವಾಸಿಗಳು. ನಮ್ಮ ಬೀದಿಯಲ್ಲಿ ........ ಮನೆಗಳಿವೆ. ........ ತಾರೀಖಿನಿಂದ ನೀರಿನ ಪೈಪು ಒಡೆದಿದೆ. ಚರಂಡಿ ನೀರು ಪೈಪಿಗೆ ಸೇರುತ್ತಿದೆ. ಕೂಡಲೇ ರಿಪೇರಿ ಮಾಡಿಸಬೇಕು. ಯಾವ ದಿನ ಮಾಡಿಸುತ್ತೀರಿ ಎಂದು ನಮಗೆ ಬರೆದು ತಿಳಿಸಬೇಕು.
ದಿನಾಂಕ: ........
ಇಂತಿ, ಬೀದಿ ಸಂಘದ ಸದಸ್ಯರು (ಸಹಿಗಳು)

ಅರ್ಜಿ ಎರಡು ಪ್ರತಿ ಬರೆಯಿರಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ತಾರೀಖು, ಸಹಿ, ಮೊಹರು ಹಾಕಿಸಿಕೊಳ್ಳಿ. ಮೊಹರು ಇಲ್ಲದ ಪ್ರತಿ ತರಬೇಡಿ. "ಅರ್ಜಿ ಬಂದೇ ಇಲ್ಲ" ಅಂದರೆ ತೋರಿಸಲು ಅದೇ ಸಾಕ್ಷಿ.

ಆದರೂ ಉತ್ತರ ಬರಲಿಲ್ಲವೇ? 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದಿದೆ. ನಮ್ಮ ಅರ್ಜಿ ಏನಾಯಿತು, ನಮ್ಮ ಬೀದಿಗೆ ಎಷ್ಟು ಹಣ ಖರ್ಚಾಯಿತು ಅಂತ ಕೇಳಬಹುದು. ಶುಲ್ಕ 10 ರೂಪಾಯಿ. ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. 30 ದಿನದ ಒಳಗೆ ಉತ್ತರ ಕೊಡಬೇಕು.

ಹಬ್ಬವೂ ಸಂಘದ್ದೇ

ಸಂಘ ಅಂದರೆ ಬರೀ ದೂರು, ಅರ್ಜಿ ಅಲ್ಲ. ಗಣೇಶನ ಹಬ್ಬ, ಊರ ಹಬ್ಬ, ಸ್ವಾತಂತ್ರ್ಯ ದಿನ, ರಾಜ್ಯೋತ್ಸವ ಎಲ್ಲವನ್ನೂ ಬೀದಿಯವರು ಸೇರಿ ಮಾಡಬಹುದು. ಮಕ್ಕಳಿಗೆ ಓಟದ ಪಂದ್ಯ ಇಡಬಹುದು. ಹೆಂಗಸರಿಗೆ ರಂಗೋಲಿ, ಸೋಬಾನೆ ಪದ ಇಡಬಹುದು.

ಹಬ್ಬದಲ್ಲಿ ಎರಡು ಎಚ್ಚರ ಬೇಕು.

ಮೊದಲನೆಯದು ಲೆಕ್ಕ. ಚಂದಾ ಎಷ್ಟು ಬಂತು? ಯಾವುದಕ್ಕೆ ಎಷ್ಟು ಖರ್ಚಾಯಿತು? ಉಳಿದದ್ದು ಎಷ್ಟು? ಹಬ್ಬ ಮುಗಿದ ವಾರದೊಳಗೆ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ನೋಡುವ ಕಡೆ ಅಂಟಿಸಬೇಕು. 10 ರೂಪಾಯಿ ಕೊಟ್ಟವರಿಗೂ ಲೆಕ್ಕ ಕೇಳುವ ಹಕ್ಕಿದೆ. ಎಷ್ಟೋ ಸಂಘಗಳು ಒಡೆಯುವುದು ಲೆಕ್ಕದಲ್ಲೇ.

ಎರಡನೆಯದು ಎಲ್ಲರೂ ಸೇರುವುದು. ಚಂದಾ ಕೊಡಲು ಆಗದ ಮನೆಯನ್ನು ಹಬ್ಬದಿಂದ ಬಿಡಬಾರದು. ಪಂಕ್ತಿಯಲ್ಲಿ ಭೇದ ಮಾಡಬಾರದು. ಒಬ್ಬರನ್ನು ದೂರ ಕೂರಿಸಿ ಉಂಡರೆ, ನಾಳೆ ಅರ್ಜಿಗೆ ಸಹಿ ಕೇಳಲು ಅವರ ಮನೆಗೆ ಯಾವ ಮುಖ ಹೊತ್ತು ಹೋಗೋದು?

ಓದು ಕಲಿತ ಹೆಂಗಸರು ಏನು ಮಾಡಿದರು?

"ನಾವು ಈಗ ತಾನೇ ಅಕ್ಷರ ಕಲಿತವರು. ನಮ್ಮ ಕೈಲಿ ಏನಾಗುತ್ತೆ?" ಅಂತ ನಿಮಗೆ ಅನಿಸಬಹುದು. ನಮ್ಮಂಥವರೇ ಮಾಡಿದ ಕೆಲಸ ಒಂದಿದೆ, ಕೇಳಿ.

ಪಕ್ಕದ ಆಂಧ್ರದಲ್ಲಿ ನೆಲ್ಲೂರು ಜಿಲ್ಲೆ ಇದೆ. ಅಲ್ಲಿ 1991ರಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ದೂಬಗುಂಟ ಅನ್ನುವ ಹಳ್ಳಿಯ ಹೆಂಗಸರೂ ರಾತ್ರಿ ಓದಲು ಬರುತ್ತಿದ್ದರು. ಅವರ ಪುಸ್ತಕದಲ್ಲಿ ಸಾರಾಯಿಯಿಂದ ಹಾಳಾದ ಸಂಸಾರದ ಪಾಠ ಇತ್ತು. ಪಾಠ ಓದಿದರು. ಇದು ನಮ್ಮದೇ ಕಥೆ ಅಂದರು. ಎಲ್ಲರೂ ಸೇರಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ವರ್ಧಿನೇನಿ ರೋಸಮ್ಮ ಅನ್ನುವವರು ಮುಂದೆ ನಿಂತರು.

ಈ ಸುದ್ದಿಯನ್ನು ಬೇರೆ ಊರಿನ ಹೆಂಗಸರೂ ಓದಿದರು. 1992ರಲ್ಲಿ ಚಳವಳಿ ಜಿಲ್ಲೆ ತುಂಬ ಹಬ್ಬಿತು. ಸಾರಾಯಿ ಹರಾಜನ್ನೇ ಹೆಂಗಸರು ತಡೆದರು. 1993ರ ಅಕ್ಟೋಬರ್ 1ರಿಂದ ಆಂಧ್ರ ಸರ್ಕಾರ ಸಾರಾಯಿ ನಿಷೇಧ ಮಾಡಿತು. 1995ರಲ್ಲಿ ಎಲ್ಲ ಮದ್ಯಕ್ಕೂ ನಿಷೇಧ ಬಂತು. ಆದರೆ 1997ರಲ್ಲಿ ಮದ್ಯ ಮತ್ತೆ ಬಂತು. ಗೆದ್ದದ್ದನ್ನು ಕಾಯಲೂ ಸಂಘ ಬೇಕು ಅಂತ ಇದರಿಂದ ತಿಳಿಯುತ್ತದೆ. ನಮ್ಮ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು.

ಅವರೂ ಕೂಲಿ ಮಾಡುವ ಹೆಂಗಸರೇ. ನಮ್ಮ ಹಾಗೇ ಕೂಡಿಸಿ ಕೂಡಿಸಿ ಓದಿದವರೇ.

ಎಲ್ಲಿಂದ ಶುರು ಮಾಡೋಣ?

ದೊಡ್ಡ ಕೆಲಸದಿಂದ ಬೇಡ. ಒಂದು ಚಿಕ್ಕ ಕೆಲಸ ಹಿಡಿಯೋಣ. ಒಂದು ಬೀದಿ ದೀಪ ಸಾಕು. ಅದು ಹತ್ತಿದ ರಾತ್ರಿ ಬೀದಿಗೆಲ್ಲ ನಂಬಿಕೆ ಬರುತ್ತದೆ. ಆಮೇಲೆ ಪೈಪು, ಚರಂಡಿ, ಟ್ಯಾಂಕು.

ಒಂದು ಪಕ್ಷಕ್ಕೆ ಸಂಘ ಸೇರಿಹೋಗಬಾರದು. ಒಂದು ಮನೆಗೂ ಸೇರಿಹೋಗಬಾರದು. ವೋಟು ಅವರವರ ಇಷ್ಟ. ನೀರು ಎಲ್ಲರದು.

ಮಾತಾಡೋಣ, ಬರೆಯೋಣ

1. ನಿಮ್ಮ ಬೀದಿಯಲ್ಲಿ ಎಷ್ಟು ಮನೆಗಳಿವೆ? ಎಣಿಸಿ ಬರೆಯಿರಿ.

2. ನಿಮ್ಮ ಬೀದಿಗೆ ನೀರು ಕೊಡುವ ಟ್ಯಾಂಕಿನ ಹತ್ತಿರ ಹೋಗಿ. ಅದರ ಮೇಲೆ ತಾರೀಖು ಇದೆಯೇ? ಓದಿ ಬರೆಯಿರಿ.

3. ನಿಮ್ಮ ವಾರ್ಡಿನ ಸದಸ್ಯರ ಹೆಸರು ಬರೆಯಿರಿ. ಹೋದ ವಾರ್ಡ್ ಸಭೆ ಯಾವಾಗ ನಡೆಯಿತು ಅಂತ ಅವರನ್ನು ಕೇಳಿ.

4. ನಿಮ್ಮ ಬೀದಿಯ ಒಂದು ಕಷ್ಟದ ಬಗ್ಗೆ ಅರ್ಜಿ ಬರೆಯಿರಿ. ಕಲಿಕಾ ಕೇಂದ್ರದಲ್ಲಿ ಗಟ್ಟಿಯಾಗಿ ಓದಿ. ಕೆಳಗೆ ನಿಮ್ಮ ಸಹಿ ಹಾಕಿ.