ಚಳಿಜ್ವರದ ಕ್ರಿಮಿಯ ವಂಶಾವಳಿ

ಒಂದು ದಿನ ನಡುಗಿಸಿ, ಮರುದಿನ ಬಿಟ್ಟು, ಮೂರನೆಯ ದಿನ ಪುನಃ ಬಂದು ಹಿಡಿಯುವ ಜ್ವರಕ್ಕೆ ನಮ್ಮ ಪ್ರಾಚೀನ ವೈದ್ಯರು ತೃತೀಯಕವೆಂದು ಹೆಸರಿಟ್ಟರು. ಚರಕಸಂಹಿತೆಯು ಇದನ್ನು ವಿಷಮಜ್ವರಗಳಲ್ಲಿ ಒಂದೆಂದು ಎಣಿಸಿದೆ. ವಿದ್ಯಾರ್ಥಿದೆಶೆಯಲ್ಲಿ ಈ ಹೆಸರನ್ನು ಕಂಠಪಾಠ ಮಾಡಿದ್ದ ನಾವು, 2009ನೆಯ ಇಸವಿಯಲ್ಲಿ ಮಂಗಳೂರಿನ ಕಡೆ ಉಪಾಧ್ಯಾಯರಾಗಿದ್ದಾಗ ಅದರ ಅರ್ಥವನ್ನು ಎಲುಬಿನೊಳಗೆ ಕಂಡುಕೊಂಡೆವು.

ವೈದ್ಯರು ರಕ್ತವನ್ನು ಪರೀಕ್ಷಿಸಿ, ಇದು ವೈವಾಕ್ಸ್ ಎಂಬ ಜಾತಿಯ ಮಲೇರಿಯವೆಂದು ತಿಳಿಸಿ, ಒಂದು ಬಗೆಯ ಗುಳಿಗೆಯನ್ನು ಮೂರು ದಿನವೂ ಮತ್ತೊಂದನ್ನು ಹದಿನಾಲ್ಕು ದಿನವೂ ಸೇವಿಸತಕ್ಕದ್ದೆಂದು ವಿಧಿಸಿದರು. ನಾಲ್ಕನೆಯ ದಿನ ಜ್ವರವಿರಲಿಲ್ಲ. ರೋಗವೇ ಹೋದ ಮೇಲೆ ಔಷಧವೇಕೆಂಬ ಪಂಡಿತತರ್ಕದಿಂದ ಉಳಿದ ಗುಳಿಗೆಗಳನ್ನು ಗೋಡೆಯ ಗೂಡಿಗೆ ಸೇರಿಸಿದೆವು. ನಾಲ್ಕು ತಿಂಗಳ ತರುವಾಯ, ತರಗತಿಯಲ್ಲಿ ರಾಮಶಬ್ದದ ವಿಭಕ್ತಿಗಳನ್ನು ಹೇಳಿಸುತ್ತಿರುವಾಗಲೇ ಹಲ್ಲು ಕಟಕಟಿಸತೊಡಗಿತು. "ಅಲ್ಲಾ, ಹೋದ ಜ್ವರ ಇಷ್ಟು ದಿನ ಎಲ್ಲಿ ಅಡಗಿತ್ತು?" ಎಂದು ನಮ್ಮ ಮನೆಯಾಕೆ ಕೇಳಿದ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಓದಿ ತಿಳಿದುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಅಡಗಿದ್ದುದು ಯಕೃತ್ತಿನಲ್ಲಿ. ಹೆಣ್ಣು ಸೊಳ್ಳೆಯು ಕಚ್ಚಿದಾಗ ಅದರ ಎಂಜಲಿನೊಡನೆ ಒಳಸೇರುವ ಸೂಜಿಯಾಕಾರದ ಕ್ರಿಮಿಗಳು ಮೊದಲು ಹೋಗಿ ಸೇರುವುದು ಅಲ್ಲಿಗೆ. ಕೆಲವು ಕೂಡಲೇ ಸೀಳಿ ಸಾವಿರಾರಾಗುವುವು. ವೈವಾಕ್ಸ್ ಜಾತಿಯಲ್ಲಿ ಕೆಲವು ತಿಂಗಳುಗಟ್ಟಲೆ ನಿದ್ರಿಸುವುವು. ಹದಿನಾಲ್ಕು ದಿನದ ಗುಳಿಗೆ ಈ ನಿದ್ರಾಳುಗಳಿಗಾಗಿಯೇ ಇದ್ದಿತು! ಎಚ್ಚೆತ್ತವು ರಕ್ತಕ್ಕಿಳಿದು, ಕೆಂಪು ಕಣಗಳನ್ನು ಹೊಕ್ಕು, ಸುಮಾರು 48 ಗಂಟೆಗಳಿಗೊಮ್ಮೆ ಅವನ್ನು ಒಡೆದುಕೊಂಡು ಹೊರಬೀಳುವುವು. ಆ ಒಡೆಯುವ ಹೊತ್ತೇ ನಮ್ಮ ತೃತೀಯಕದ ಹೊತ್ತು.

ಇಷ್ಟರವರೆಗೆ ಈ ವಂಶದಲ್ಲಿ ವಿವಾಹವೆಂಬುದಿಲ್ಲ. ಒಂದು ಸೀಳಿ ಹಲವಾಗುವುದು. ಮಕ್ಕಳೆಲ್ಲರೂ ತಾಯಿಯ ಪ್ರತಿಗಳು. ನಮ್ಮ ಜೀವಕಣದಲ್ಲಿ ವರ್ಣತಂತುಗಳು 23 ಜೋಡಿಯಾದರೆ, ಈ ಕ್ರಿಮಿಯಲ್ಲಿ ಇರುವುದು 14 ಮಾತ್ರ, ಅವೂ ಒಂಟಿ. ಪ್ರತಿಯೊಂದು ಸೀಳಿನಲ್ಲಿಯೂ ಆ ಹದಿನಾಲ್ಕು ಗ್ರಂಥಗಳನ್ನು ನಕಲು ಮಾಡಿ ಹಂಚಬೇಕು. ಓಲೆಗರಿಯ ಲಿಪಿಕಾರನಂತೆ ನಕಲಿನಲ್ಲಿ ಒಂದೊಂದು ಅಕ್ಷರ ತಪ್ಪುವುದೂ ಉಂಟು.

ಕೆಲವು ಕ್ರಿಮಿಗಳು ಸೀಳುವುದನ್ನು ಬಿಟ್ಟು ಗಂಡಾಗಿಯೋ ಹೆಣ್ಣಾಗಿಯೋ ಬೆಳೆದು ರಕ್ತದಲ್ಲಿ ಕಾಯುತ್ತಿರುವುವು. ಇವುಗಳ ಲಗ್ನಮಂಟಪ ನಮ್ಮ ದೇಹವಲ್ಲ, ಸೊಳ್ಳೆಯ ಹೊಟ್ಟೆ. ಅಲ್ಲಿಯ ತಂಪು ತಗಲಿದ ಕಾಲು ಗಂಟೆಯೊಳಗಾಗಿ ಗಂಡು ಕ್ರಿಮಿಯಿಂದ ಎಂಟು ಎಳೆಗಳು ಚಾಟಿಯಂತೆ ಹೊಡೆದುಕೊಳ್ಳುತ್ತ ಹೊರಡುವುವು. 1880ರಲ್ಲಿ ಆಲ್ಜೀರಿಯದ ಕಾನ್‌ಸ್ಟಂಟೈನ್ ಎಂಬಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಈ ಚಾಟಿಗಳನ್ನು ಕಂಡೇ, ಇದು ಜೀವಂತ ಕ್ರಿಮಿಯೆಂದು ನಿಶ್ಚಯಿಸಿದನು. ಹೆಣ್ಣಿನೊಡನೆ ಎಳೆಯೊಂದು ಕೂಡಿದಾಗ ವರ್ಣತಂತುಗಳು ಜೋಡಿಯಾಗುವುವು; ಒಂದು ದಿನದೊಳಗೆ ತಮ್ಮ ತುಣುಕುಗಳನ್ನು ಪರಸ್ಪರ ಬದಲಾಯಿಸಿಕೊಂಡು ಪುನಃ ಒಂಟಿಯಾಗುವುವು. ಬಳಿಕ ಆ ಜೀವಿ ಹೊಟ್ಟೆಯ ಗೋಡೆಯನ್ನು ತೂರಿ ಗಂಟಾಗಿ ನಿಲ್ಲುವುದು. 1897ನೆಯ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡದ್ದು ಇಂತಹ ಗಂಟುಗಳನ್ನೇ. ಅವು ಒಡೆದು ಸಾವಿರಾರು ಮರಿಗಳು ಸೊಳ್ಳೆಯ ಎಂಜಲಿನ ಗ್ರಂಥಿಯನ್ನು ಸೇರುವುವು.

ಸೊಳ್ಳೆಯು ಎರಡು ವಂಶದ ಕ್ರಿಮಿಗಳನ್ನು ಒಟ್ಟಿಗೆ ಹೀರಿದ್ದರೆ, ಮರಿಗಳಲ್ಲಿ ಎರಡರ ಗುಣಗಳೂ ಬೆರೆಯುವುವು. ಅನರ್ಥವಿರುವುದು ಇಲ್ಲಿಯೇ. ಫಾಲ್ಸಿಪಾರಮ್ ಎಂಬ ಮಾರಕ ಜಾತಿಯಲ್ಲಿ ಕ್ಲೋರೋಕ್ವಿನ್ ಔಷಧಕ್ಕೆ ಜಗ್ಗದ ಕ್ರಿಮಿಗಳು 1950ರ ದಶಕದ ಕೊನೆಗೆ ಆಗ್ನೇಯ ಏಷ್ಯದಲ್ಲಿ ತಲೆಯೆತ್ತಿ, 1973ರಲ್ಲಿ ಅಸ್ಸಾಮಿನಲ್ಲಿಯೂ ಆ ದಶಕ ಮುಗಿಯುವುದರೊಳಗೆ ಆಫ್ರಿಕದಲ್ಲಿಯೂ ಕಾಣಿಸಿಕೊಂಡವು. ಇದಕ್ಕೆ ಕಾರಣವಾದ ವಂಶವಾಹಿಯು ಏಳನೆಯ ವರ್ಣತಂತುವಿನಲ್ಲಿದೆಯೆಂದು 2000ದಲ್ಲಿ ಗುರುತಿಸಿದರು. ಔಷಧವು ಜಗ್ಗುವವುಗಳನ್ನು ಕೊಂದು ಜಗ್ಗದವುಗಳಿಗೆ ದಾರಿ ತೆರವು ಮಾಡಿಕೊಟ್ಟಿತು. ಸೊಳ್ಳೆಯು ಅವನ್ನು ಊರೂರಿಗೆ ಒಯ್ದಿತು. ಪ್ರಸಂಗವಶಾತ್ ಒಂದು ಮಾತು: ಕ್ರಿಮಿಯ ಮೈಟೋಕಾಂಡ್ರಿಯದಲ್ಲಿರುವ ಚಿಕ್ಕ ಆಸ್ತಿ ಮಾತ್ರ ಹೆಣ್ಣಿನ ಕಡೆಯಿಂದಲೇ ಇಳಿಯುವುದು. ಗೋತ್ರವನ್ನು ತಂದೆಯಿಂದ ಎಣಿಸುವ ನಮಗಿಂತ ಅಳಿಯಸಂತಾನವನ್ನು ಬಲ್ಲ ತುಳುನಾಡಿನವರಿಗೆ ಇದು ಬೇಗ ಮನಸ್ಸಿಗೆ ಹತ್ತೀತು.

ರಾಸನಿಗೆ ಸೊಳ್ಳೆಯ ಮೇಲೆ ಕಣ್ಣು ಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಅಲ್ಲಿ ಸೇನಾವೈದ್ಯನಾಗಿದ್ದಾಗ, ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳಿರುವುದನ್ನು ನೋಡಿ ಅದನ್ನು ಬರಿದು ಮಾಡಿಸಿದನು, ಕಾಟ ತಗ್ಗಿತು. ಉಳಿದ ತೊಟ್ಟಿಗಳಿಗೂ ಹಾಗೆಯೇ ಮಾಡೋಣವೆಂದರೆ, ಸೃಷ್ಟಿಕ್ರಮಕ್ಕೆ ಕೈಹಾಕಲಾಗದೆಂದು ಮೇಲಿನ ಅಧಿಕಾರಿ ಒಪ್ಪಲಿಲ್ಲವಂತೆ. ನಮ್ಮ ಮನೆಯಲ್ಲಿ ಅಂತಹ ಅಧಿಕಾರಿ ಯಾರೂ ಇರಲಿಲ್ಲ. ಎರಡನೆಯ ಸಲ ಹದಿನಾಲ್ಕು ಗುಳಿಗೆಗಳನ್ನೂ ಮನೆಯಾಕೆ ತಾವೇ ಎಣಿಸಿ ಕೊಟ್ಟರು. ಮಾಳಿಗೆಯ ತೊಟ್ಟಿಗೆ ಮುಚ್ಚಳ ಬಂದಿತು, ಬಾವಿಗೆ ಬಲೆ ಬಂದಿತು.