ಒಂದೇ ಹೆಸರಿನ ವರದಿ, ಹಲವರ ಯಂತ್ರ

ಲೆಕ್ಕದ ಅಂಕಿಗಳ ಜೊತೆಗೆ ಪ್ರೋಗ್ರಾಮನ್ನೂ ಮೆಮೊರಿಯಲ್ಲೇ ಇಡಬೇಕೆಂಬುದು ಗಣಿತಜ್ಞ ಜಾನ್ ವಾನ್ ನ್ಯೂಮನ್ ಒಬ್ಬರಿಗೇ ಹೊಳೆದದ್ದು ಎಂಬ ಮಾತನ್ನು ವಿದ್ಯಾರ್ಥಿಗಳು ಇಂದಿಗೂ ಉರುಹೊಡೆಯುತ್ತಾರೆ. ಆಧಾರ ಕೇಳಿದರೆ 1945ರ ಜೂನ್ 30ರ, ಎಡ್ವ್ಯಾಕ್ ಎಂಬ ಕಂಪ್ಯೂಟರಿನ ಯೋಜನೆಯ ವರದಿಯತ್ತ ಬೆರಳು ತೋರಿಸುತ್ತಾರೆ. ಅದರ ಮೇಲಿರುವುದು ಅವರೊಬ್ಬರ ಹೆಸರೇ, ನಿಜ. ಆದರೆ ಅದು ಇನ್ನೂ ಮುಗಿಯದ ಕರಡು. ಅದನ್ನು ಹಂಚಿದವರು ಯೋಜನೆಯಲ್ಲಿದ್ದ ಸೇನಾಧಿಕಾರಿ ಹರ್ಮನ್ ಗೋಲ್ಡ್‌ಸ್ಟೈನ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪ್ರೆಸ್ಪರ್ ಎಕರ್ಟ್ ಮತ್ತು ಜಾನ್ ಮಾಕ್ಲಿ ಎನಿಯಾಕ್ ಎಂಬ ಕಂಪ್ಯೂಟರನ್ನು ಕಟ್ಟುತ್ತಿದ್ದ ಸುದ್ದಿ ವಾನ್ ನ್ಯೂಮನ್ ಕಿವಿಗೆ ಬಿದ್ದದ್ದು 1944ರ ಮಧ್ಯಭಾಗದಲ್ಲಿ. ಯಂತ್ರವನ್ನು ನಡೆಸುವ ಸಂಕೇತಗಳನ್ನು ತಿರುಗುವ ಲೋಹದ ತಟ್ಟೆಗಳ ಮೇಲೆ ಇಡುವ ಯೋಚನೆಯನ್ನು ಎಕರ್ಟ್ ಆ ವರ್ಷದ ಜನವರಿಯ ಟಿಪ್ಪಣಿಯಲ್ಲೇ ಬರೆದಿದ್ದರು. ಎಡ್ವ್ಯಾಕ್ ನೆಚ್ಚಿಕೊಂಡಿದ್ದ ಪಾದರಸದ ಮೆಮೊರಿಯೂ ಎಕರ್ಟ್ ರಾಡಾರ್ ಕೆಲಸದಲ್ಲಿ ಪಳಗಿಸಿಕೊಂಡದ್ದು. ಪಾದರಸ ತುಂಬಿದ ಕೊಳವೆಯ ಒಂದು ತುದಿಯಲ್ಲಿ ವಿದ್ಯುತ್ ಮಿಡಿತ ಶಬ್ದದ ಅಲೆಯಾಗಿ ಪಾದರಸದೊಳಗೆ ನಿಧಾನವಾಗಿ ಸಾಗುತ್ತದೆ, ಇನ್ನೊಂದು ತುದಿಯಲ್ಲಿ ಮತ್ತೆ ವಿದ್ಯುತ್ತಾಗಿ, ಬಲ ತುಂಬಿಕೊಂಡು ಮೊದಲಿನ ತುದಿಗೇ ಮರಳುತ್ತದೆ. ಹೀಗೆ ಸುತ್ತುತ್ತಿರುವವರೆಗೂ ಅಂಕಿ ಅಳಿಯುವುದಿಲ್ಲ.

ಯಂತ್ರದ ತಾರ್ಕಿಕ ರಚನೆಯನ್ನು ವಾಲ್ವು, ತಂತಿಗಳ ಗೊಡವೆಯಿಂದ ಬಿಡಿಸಿ ಅಷ್ಟು ಸ್ಪಷ್ಟವಾಗಿ ಬರೆದವರು ವಾನ್ ನ್ಯೂಮನ್ ಅವರೇ ಅಲ್ಲವೇ ಎಂದು ಕೇಳಬಹುದು. ಹೌದು, ಅದು ಸಣ್ಣ ಕೊಡುಗೆಯಲ್ಲ. ಮುಂದೆ ಹಲವು ದೇಶಗಳ ಯಂತ್ರಗಳು ಆ ಮಾದರಿಯಲ್ಲೇ ಹುಟ್ಟಿದವು. ಆದರೆ ಎಡ್ವ್ಯಾಕ್ ತಂಡದಲ್ಲಿ ತಿಂಗಳುಗಟ್ಟಲೆ ನಡೆದ ಸಾಮೂಹಿಕ ಚರ್ಚೆಯನ್ನು ಚೆನ್ನಾಗಿ ಬರೆದಿಟ್ಟವರೇ ಆ ವಿಚಾರದ ಏಕೈಕ ಜನಕರಾಗುವುದಿಲ್ಲ. ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲೇ ಎಲ್ಲವನ್ನೂ ಹೇಳಿದ್ದರು ಎನ್ನುವವರೂ ಇದ್ದಾರೆ. ಟ್ಯೂರಿಂಗ್ ಅವರ ಆ ವರ್ಷದ ಪ್ರಬಂಧ ಗಣಿತದ ಮಹಾಸಾಧನೆ, ಯಂತ್ರದ ನಕ್ಷೆಯಲ್ಲ. ಇನ್ನು, ಎನಿಯಾಕ್‌ನಲ್ಲಿ ಮೊದಲಿನಿಂದಲೂ ಪ್ರೋಗ್ರಾಮ್ ಮೆಮೊರಿಯಲ್ಲಿತ್ತು ಎಂಬುದು ಶುದ್ಧ ತಪ್ಪು: ಲೆಕ್ಕ ಬದಲಾದರೆ ಕೇಬಲ್ಲು, ಸ್ವಿಚ್ಚುಗಳನ್ನು ಕೈಯಾರೆ ಬದಲಿಸಬೇಕಿತ್ತು.

ಪ್ರೋಗ್ರಾಮನ್ನು ಮೆಮೊರಿಯಲ್ಲಿಟ್ಟುಕೊಂಡು ಮೊದಲು ಓಡಿದ್ದು ಎಡ್ವ್ಯಾಕ್ ಕೂಡ ಅಲ್ಲ. 1948ರ ಜೂನ್ 21ರಂದು ಮ್ಯಾಂಚೆಸ್ಟರ್‌ನಲ್ಲಿ ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್ ಕಟ್ಟಿದ ‘ಬೇಬಿ’ 2,62,144ರ, ಆ ಸಂಖ್ಯೆಯನ್ನೇ ಬಿಟ್ಟರೆ ಅತಿ ದೊಡ್ಡದಾದ ಅಪವರ್ತನವನ್ನು ಹುಡುಕತೊಡಗಿತು. ಅದರ ಮೆಮೊರಿ ಎಂದರೆ ಕ್ಯಾಥೋಡ್ ಕಿರಣದ ಕೊಳವೆಯ ಪರದೆಯಲ್ಲಿ ಉಳಿದ ವಿದ್ಯುದಾವೇಶದ ಚುಕ್ಕೆಗಳು. ಹಿಡಿಸುತ್ತಿದ್ದುದು ತಲಾ 32 ಬಿಟ್‌ಗಳ 32 ಸಾಲು ಮಾತ್ರ. 52 ನಿಮಿಷದ ಬಳಿಕ 1,31,072 ಎಂಬ ಸರಿಯುತ್ತರ ಬಂತು. ಕೇಂಬ್ರಿಜ್‌ನ ಎಡ್‌ಸ್ಯಾಕ್ ಯಂತ್ರ ಮರುವರ್ಷ ಮೇನಲ್ಲಿ ಕೆಲಸಕ್ಕಿಳಿಯಿತು.

ಇಷ್ಟೆಲ್ಲ ದಾಖಲೆ ಇದ್ದೂ ಒಬ್ಬ ಮಹಾಪುರುಷನ ಕತೆಯನ್ನೇ ನಂಬುವ ಚಾಳಿ ನಮ್ಮಲ್ಲಿ ಬಲವಾಗಿದೆ. ಹೆಸರು ದೊಡ್ಡದಾದರೆ ಸಾಕು, ತಾರೀಖನ್ನು ಯಾರೂ ನೋಡುವುದಿಲ್ಲ. ಆ ಕರಡನ್ನು ಹಂಚಿದ್ದನ್ನೇ ಪ್ರಕಟಣೆಯೆಂದು ಪರಿಗಣಿಸಿದ್ದರಿಂದ ಎಕರ್ಟ್, ಮಾಕ್ಲಿ ಎಡ್ವ್ಯಾಕ್‌ನ ಪೇಟೆಂಟನ್ನೂ ಕಳೆದುಕೊಂಡರು. ಪಠ್ಯ ಬರೆಯುವವರು ಮುಂದಿನ ಮುದ್ರಣದಲ್ಲಾದರೂ ಆ ಇಬ್ಬರ ಹೆಸರನ್ನು ವಾನ್ ನ್ಯೂಮನ್ ಪಕ್ಕದಲ್ಲೇ ಅಚ್ಚುಹಾಕಲಿ.