ಮುದಿ ಕುದುರೆ, ಮುನಿದ ಹುಡುಗ

ಪಂದ್ಯದ ಕುದುರೆಗಳು ಬಹುಪಾಲು ಹತ್ತು ವರ್ಷ ತುಂಬುವ ಮೊದಲೇ ನಿವೃತ್ತವಾಗುತ್ತವೆ. ಆಯುಷ್ಯವೋ ಇಪ್ಪತ್ತೈದು ದಾಟಬಲ್ಲದು. ಆಮೇಲೆ ಲೆಕ್ಕಪುಸ್ತಕದಲ್ಲಿ ಉಳಿಯುವುದು ಮೇವಿನ ಖರ್ಚೊಂದೇ. ನ್ಯೂಯಾರ್ಕ್ ರಾಜ್ಯದ ವಾಲ್‌ಕಿಲ್ ಸೆರೆಮನೆಯಲ್ಲಿ 1984ರಲ್ಲಿ ಇಂಥ ಕುದುರೆಗಳ ಆರೈಕೆಯನ್ನು ಕೈದಿಗಳಿಗೇ ಒಪ್ಪಿಸಲಾಯಿತು.

ಮನೆಗೂ ಶಾಲೆಗೂ ಬೇಡವಾದ ಹದಿಹರೆಯದ ಹುಡುಗನಿಗೂ ಈ ಸಹವಾಸ ಒಗ್ಗೀತು. ಕುದುರೆ ಮೂಲತಃ ಬೇಟೆಗೆ ಬಲಿಯಾಗುವ ಪ್ರಾಣಿ. ದನಿ ಏರಿದರೆ, ಮೈ ಬಿಗಿದರೆ ಹಿಂದೆ ಸರಿಯುತ್ತದೆ. ಉಪದೇಶವನ್ನಂತೂ ಮಾಡದು. ಮುದಿಯಾದಾಗ ಹಲ್ಲು ಸವೆದು, ನೆನೆಸಿದ ಮೇವು ತರುವವನ ಹೆಜ್ಜೆಸದ್ದಿಗೆ ಕಿವಿ ನಿಮಿರಿಸುತ್ತದೆ. ಯಾರೂ ಎದುರುನೋಡದ ಹುಡುಗನಿಗೆ ಅದು ಸಣ್ಣ ಸಂಗತಿಯಲ್ಲ.

ಬೆಂಗಳೂರಿನಲ್ಲಿ ಪಂದ್ಯದಿಂದ ಹೊರಬೀಳುವ ಕುದುರೆಗಳೂ ಇವೆ, ಬಾಲಮಂದಿರಗಳೂ ಇವೆ. ಆದರೆ ಪ್ರಾಣಿಯ ಕೊನೆಗಾಲದ ವೆಚ್ಚವನ್ನು ಪಂದ್ಯದ ಆದಾಯದಿಂದಲೇ ಮೊದಲು ತೆಗೆದಿರಿಸಬೇಕು. ಇಲ್ಲವಾದರೆ ಅನುದಾನ ನಿಂತ ದಿನ ಕುದುರೆಯನ್ನು ಸಾಗಿಸುತ್ತಾರೆ. ಹುಡುಗ ಮತ್ತೆ ಒಬ್ಬಂಟಿಯಾಗುತ್ತಾನೆ.